ಕಂಪ್ಯೂಟರ್ ಭದ್ರತೆಗೆ ಹಣ ಕೇಳುವುದು ಹೇಗೆ: ಮಾಲೀಕರ ಮುಂದಿಡುವ ಒಂದು ಪುಟ

ಬೆಳಗಾವಿಯ ಉದ್ಯಮಬಾಗದ ಸಣ್ಣ ಎರಕದ ಮತ್ತು ಯಂತ್ರಭಾಗಗಳ ಕಾರ್ಖಾನೆಗಳಿಗೆ ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅದರ ಕ್ಷೇಮವೂ ನನ್ನ ಪಾಲಿಗೇ ಬಂತು. ಇಲ್ಲಿನ ಮಾಲೀಕರು ಖರ್ಚಿಗೆ ಹೆದರುವವರಲ್ಲ. ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಡೆಯುವ ಹೊಸ ಸಿಎನ್‌ಸಿ ಯಂತ್ರದ ಸಾಲಕ್ಕೆ ಹಿಂದೆಮುಂದೆ ನೋಡದೆ ಸಹಿ ಹಾಕುತ್ತಾರೆ, ಏಕೆಂದರೆ ಅದು ಗಂಟೆಗೆ ಎಷ್ಟು ದುಡಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಭದ್ರತೆಯ ವಿಷಯದಲ್ಲಿ ಅಂಥ ಲೆಕ್ಕವನ್ನು ಯಾರೂ ಅವರ ಕೈಗೆ ಕೊಟ್ಟಿಲ್ಲ; ಮಾರಲು ಬಂದವರೆಲ್ಲ ಹೆದರಿಸಿ ಹೋಗಿದ್ದಾರೆ. ಹೆದರಿಕೆಗೆ ಕೊಟ್ಟ ಹಣ ಒಂದು ವರ್ಷ ಬರುತ್ತದೆ. ಮರುವರ್ಷ "ಏನೂ ಆಗಲಿಲ್ಲವಲ್ಲ" ಎಂಬ ಮಾತಿಗೆ ನಿಂತುಹೋಗುತ್ತದೆ. ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದುಕೊಟ್ಟರೆ ಅದು ಪ್ರತಿ ವರ್ಷ ತಾನಾಗಿ ಮಾತನಾಡುತ್ತದೆ.

ಮೊದಲು ಮಾಲು ಕಳುಹಿಸುವ ವಿಭಾಗದವರ ಬಳಿ ಹೋಗಿ ಕುಳಿತುಕೊಳ್ಳಿ. "ಬೆಳಿಗ್ಗೆ ಈ ಕಂಪ್ಯೂಟರ್ ತೆರೆಯದಿದ್ದರೆ ಗಾಡಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ?" ಎಂದು ಕೇಳಿ. ವರ್ಷದ ವಹಿವಾಟು 5 ಕೋಟಿ ದಾಟಿದ ಕಾರ್ಖಾನೆಗೆ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯ. ಮಾಲು ಸಾಗಿಸಲು ಇ-ವೇ ಬಿಲ್ ಕೂಡ ಬೇಕು. ಪೋರ್ಟಲನ್ನು ಬೇರೆ ಕಂಪ್ಯೂಟರಿನಲ್ಲೂ ತೆರೆಯಬಹುದು, ನಿಜ. ಆದರೆ ಯಾವ ಗ್ರಾಹಕರಿಗೆ ಯಾವ ದರ, ಯಾವ ಆರ್ಡರಿನಲ್ಲಿ ಎಷ್ಟು ನಗ ಬಾಕಿ ಎಂಬುದೆಲ್ಲ ಲೆಕ್ಕದ ತಂತ್ರಾಂಶವಾದ ಟ್ಯಾಲಿಯೊಳಗೆ ಕುಳಿತಿರುತ್ತದೆ. ಹೀಗೆಯೇ ಡ್ರಾಯಿಂಗ್ ಇರುವ ಕಂಪ್ಯೂಟರ್, ಯಂತ್ರಗಳಿಗೆ ಪ್ರೋಗ್ರಾಮ್ ಕಳುಹಿಸುವ ಕಂಪ್ಯೂಟರ್ ಎಲ್ಲವನ್ನೂ ಕೇಳುತ್ತ ಹೋಗಿ. ಯಾವುದು ನಿಂತರೆ ಉತ್ಪಾದನೆ ನಿಲ್ಲುತ್ತದೋ ಅದಷ್ಟೇ ಪುಟಕ್ಕೆ ಬರಲಿ.

ಈಗ ಒಂದು ದಿನದ ಬೆಲೆ. ವರ್ಷಕ್ಕೆ 6 ಕೋಟಿ ವಹಿವಾಟು, 300 ಕೆಲಸದ ದಿನ ಎಂದಿಟ್ಟುಕೊಳ್ಳಿ: ದಿನಕ್ಕೆ 2 ಲಕ್ಷ. ಈ 2 ಲಕ್ಷವನ್ನೇ ನಷ್ಟವೆಂದು ಬರೆದರೆ ಮಾಲೀಕರು ಅಲ್ಲಿಗೇ ಪುಟ ಮಡಚುತ್ತಾರೆ, ಮಡಚುವುದು ಸರಿಯೇ. ಕೆಲಸ ನಿಂತಾಗ ಕಚ್ಚಾ ಮಾಲು, ಯಂತ್ರದ ವಿದ್ಯುತ್ ಖರ್ಚಾಗುವುದಿಲ್ಲ. ಅವು ಶೇಕಡಾ 60 ಆದರೆ ಉಳಿಯುವುದು 80,000 ರೂಪಾಯಿ. ಕೂಲಿ, ಬಡ್ಡಿ, ಬಾಡಿಗೆ, ಲಾಭ ಎಲ್ಲ ಅದರೊಳಗೇ ಇವೆ, ಮತ್ತೊಮ್ಮೆ ಕೂಡಿಸಬೇಡಿ.

ಎಷ್ಟು ದಿನ ನಿಲ್ಲಬಹುದು? ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ 2022ರ ನವೆಂಬರಿನಲ್ಲಿ ಸೈಬರ್ ದಾಳಿಯಾದಾಗ ಸುಮಾರು ಎರಡು ವಾರ ಕೈಬರಹದಲ್ಲೇ ಕೆಲಸ ಸಾಗಿತ್ತು. ನಮ್ಮಂಥ ಕಡೆ ಸರಿಯಾದ ಬ್ಯಾಕಪ್ ಇಲ್ಲದಿದ್ದರೆ ಏಳು ಕೆಲಸದ ದಿನ ಎಂದು ಹಿಡಿಯುವುದು ಅತಿಯಾಗದು. ಏಳು ದಿನಕ್ಕೆ 5.6 ಲಕ್ಷ. ಅರ್ಧದಷ್ಟು ಕೆಲಸವನ್ನು ಆಮೇಲೆ ಹೆಚ್ಚುವರಿ ಪಾಳಿಯಲ್ಲಿ ತುಂಬಿಕೊಂಡರೆ ನಿಜವಾದ ನಷ್ಟ 2.8 ಲಕ್ಷ. ಓವರ್‌ಟೈಮಿಗೆ ಕಾನೂನಿನಂತೆ ದುಪ್ಪಟ್ಟು ಕೂಲಿ, ಬಿಲ್‌ಗಳನ್ನು ಮತ್ತೆ ನಮೂದಿಸುವ ಕೆಲಸ, ಎಂಜಿನಿಯರ್ ಶುಲ್ಕ ಸೇರಿ ಇನ್ನೊಂದು 1.2 ಲಕ್ಷ. ಒಟ್ಟು 4 ಲಕ್ಷ. ಇದು ಐದು ವರ್ಷಕ್ಕೊಮ್ಮೆ ಆಗಬಹುದೆಂದು ಊಹಿಸಿದರೆ ವರ್ಷಕ್ಕೆ 80,000. ಐದು ವರ್ಷ ಎಂಬುದು ಊಹೆ ಎಂದು ಪುಟದಲ್ಲೇ ಬರೆಯಿರಿ. ಮಾಲೀಕರು ಹತ್ತು ಎಂದರೆ ಹತ್ತಕ್ಕೇ ಲೆಕ್ಕ ಹಾಕಿ ತೋರಿಸಿ. ಅಂಕಿ ಅವರದಾದರೆ ತೀರ್ಮಾನವೂ ಅವರದಾಗುತ್ತದೆ.

ಹಾಗಾದರೆ ಎಷ್ಟು ಖರ್ಚು ಮಾಡಬಹುದು? ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗಾರ್ಡನ್ ಮತ್ತು ಲೋಬ್ ಎಂಬ ಇಬ್ಬರು ಪ್ರಾಧ್ಯಾಪಕರು 2002ರಲ್ಲಿ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ಅವರ ಪ್ರಕಾರ ಭದ್ರತೆಯ ಖರ್ಚು ನಿರೀಕ್ಷಿತ ನಷ್ಟದ ಶೇಕಡಾ 37ರ ಸುಮಾರನ್ನು ಮೀರಬಾರದು. ಆ ಮಾದರಿಯ ಷರತ್ತುಗಳು ಎಲ್ಲ ಕಡೆಗೂ ಹೊಂದುವುದಿಲ್ಲವಾದರೂ ಕೈಹಿಡಿತಕ್ಕೆ ಅದು ಒಳ್ಳೆಯ ಅಳತೆ. ನಮ್ಮ ಉದಾಹರಣೆಯಲ್ಲಿ ಮಿತಿ ವರ್ಷಕ್ಕೆ ಸುಮಾರು 30,000 ರೂಪಾಯಿ. "ಇದಕ್ಕಿಂತ ಹೆಚ್ಚು ಕೇಳುವುದಿಲ್ಲ" ಎಂದು ನೀವೇ ಬರೆದುಕೊಟ್ಟಾಗ ಎದುರಿಗಿರುವವರ ಕಿವಿ ತೆರೆಯುತ್ತದೆ.

ಈ ಹಣದ ದೊಡ್ಡ ಪಾಲು ಬ್ಯಾಕಪ್ಪಿಗೆ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ, ಒಂದು ಹಳೆಯ ಕಂಪ್ಯೂಟರನ್ನು ತುರ್ತಿಗೆಂದು ಸಿದ್ಧವಾಗಿಡಿ. ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡುವುದು ನಾನು ಎಲ್ಲೆಡೆ ಕಾಣುವ ತಪ್ಪು. ಕಡತಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಸಿಕ್ಕಿಸಿದ ಡಿಸ್ಕಿಗೂ ಬೀಗ ಹಾಕುತ್ತದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ದಾಳಿಗೆ ಸಿಕ್ಕ ಹಡಗು ಕಂಪನಿ ಮೆಯರ್ಸ್ಕ್ 25ರಿಂದ 30 ಕೋಟಿ ಡಾಲರ್ ಕಳೆದುಕೊಂಡಿತು. ಮುಂಬಯಿ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ಅಸ್ತವ್ಯಸ್ತವಾಯಿತು. ಮೆಯರ್ಸ್ಕ್ ಕಂಪನಿಯ ಇಡೀ ಜಾಲದ ಬಳಕೆದಾರರ ಪಟ್ಟಿ ಉಳಿದದ್ದು ಘಾನಾ ದೇಶದ ಒಂದು ಕಚೇರಿಯಲ್ಲಿ ಮಾತ್ರ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಜಾಲದಿಂದ ಕಳಚಿಕೊಂಡಿತ್ತು. ಅವರಿಗೆ ಅದೃಷ್ಟದಿಂದ ಸಿಕ್ಕಿದ್ದನ್ನು ನಾವು ಪ್ರತಿ ಸಂಜೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಟ್ಟು ಪಡೆಯಬಹುದು. ಇನ್ನೊಂದು ಡಿಸ್ಕ್ ವಾರಕ್ಕೊಮ್ಮೆ ಮಾಲೀಕರ ಮನೆಗೆ ಹೋಗಲಿ.

ಬ್ಯಾಕಪ್ ಇದೆ ಎಂದರೆ ಸಾಲದು, ತೆರೆದು ನೋಡಬೇಕು. ಶನಿವಾರ ಸಂಜೆ ತುರ್ತು ಕಂಪ್ಯೂಟರಿನಲ್ಲಿ ಟ್ಯಾಲಿಯ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ. ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ ಅಸಲಿನ ಜೊತೆ ತಾಳೆಯಾಗುತ್ತದೆಯೇ? ಯಾವುದಾದರೂ ಒಂದು ಮಾಲಿನ ದಾಸ್ತಾನು, ಒಬ್ಬ ಗ್ರಾಹಕರ ಬಾಕಿ ಹೊಂದುತ್ತದೆಯೇ? ಒಂದು ಡ್ರಾಯಿಂಗ್ ತೆರೆಯಿರಿ. ಒಂದು ಸಿಎನ್‌ಸಿ ಪ್ರೋಗ್ರಾಮನ್ನು ಆಪರೇಟರ್‌ಗೆ ತೋರಿಸಿ, ಇದು ಹೊಸದೋ ಹಳೆಯದೋ ಎಂದು ಕೇಳಿ. ಯಂತ್ರದ ಮುಂದೆ ನಿಂತು ಫೀಡನ್ನೋ ಆಫ್‌ಸೆಟ್ಟನ್ನೋ (ಉಳಿ ಸಾಗುವ ವೇಗ, ಅದರ ಸ್ಥಾನ) ತಿದ್ದಿಕೊಂಡಿರುತ್ತಾರೆ. ಆ ತಿದ್ದುಪಡಿ ಕಂಪ್ಯೂಟರಿಗೆ ವಾಪಸು ಬಂದಿರುವುದೇ ಇಲ್ಲ. ಯಂತ್ರದ ಪ್ಯಾರಾಮೀಟರ್‌ಗಳ (ಮೂಲ ಹೊಂದಾಣಿಕೆಗಳ) ಪ್ರತಿಯೂ ಬೇಕು. ಶುರುವಿನಿಂದ ಕೊನೆಯವರೆಗೆ ಹಿಡಿದ ಸಮಯವನ್ನು ಬರೆದಿಡಿ, ಪುಟದ ಮುಖ್ಯ ಅಂಕಿ ಅದೇ. ಏಳು ದಿನದ ನಿಲುಗಡೆ ಒಂದು ದಿನಕ್ಕಿಳಿದರೆ, ಮೇಲಿನ ಕ್ರಮದಲ್ಲೇ, ಒಂದು ಸಲದ ನಷ್ಟ ಸುಮಾರು 57,000, ವರ್ಷಕ್ಕೆ ಸುಮಾರು 11,400. ಅಂದರೆ 30,000 ಖರ್ಚಿಗೆ ಸುಮಾರು 68,600 ಉಳಿತಾಯ.

ಕೆಲವು ಕೆಲಸಗಳಿಗೆ ಹಣವೇ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡುವ ಮೊದಲೇ, ಮಾರ್ಚ್‌ನಲ್ಲೇ, ಮೈಕ್ರೋಸಾಫ್ಟ್ ಅದನ್ನು ತಡೆಯುವ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥ ಕಂಪ್ಯೂಟರ್‌ಗಳ ಪಟ್ಟಿ ಮಾಡಿ. ಕಚ್ಚಾ ಮಾಲಿನವರಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಇಮೇಲ್ ಬಂದರೆ, ಆ ಇಮೇಲಿನಲ್ಲಿರುವ ನಂಬರಿಗೆ ಬೇಡ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಹಣ ಹಾಕಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದಾಳಿಯಾದದ್ದು ತಿಳಿದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ನಿಯಮ 2022ರಿಂದ ಇದೆ. ಈ ವಿವರಗಳು ಗೋಡೆಯ ಮೇಲಿರಲಿ, ಕಂಪ್ಯೂಟರಿನೊಳಗಿದ್ದರೆ ಆ ಹೊತ್ತಿಗೆ ಕಾಣುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿವರೆಗೆ ದಂಡದ ಮಾತಿದೆ. ಅದನ್ನು ದಪ್ಪಕ್ಷರದಲ್ಲಿ ಬರೆಯಬೇಡಿ, ಮತ್ತೆ ಹೆದರಿಕೆಯ ದಾರಿಗೇ ಬೀಳುತ್ತೀರಿ. ಕಾರ್ಮಿಕರ ಆಧಾರ್ ಪ್ರತಿಗಳು ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿದ್ದರೆ ಸುಮ್ಮನೆ ತೆಗೆಸಿ. ನಂಬಿ ಕೊಟ್ಟವರ ಕಾಗದ ಅದು.

ಇಷ್ಟೆಲ್ಲ ನಷ್ಟ ತಪ್ಪಿಸುವ ಮಾತಾಯಿತು. ಗಳಿಕೆಯ ಸಾಲೊಂದು ಪುಟದ ತಲೆಯಲ್ಲೇ ಇರಲಿ. ದೊಡ್ಡ ಕಂಪನಿಗಳು ಈಗ ಡ್ರಾಯಿಂಗ್ ಕೊಡುವ ಮೊದಲು ಪ್ರಶ್ನಾವಳಿ ಕಳುಹಿಸುತ್ತವೆ: ಡ್ರಾಯಿಂಗ್ ಯಾರು ತೆರೆಯಬಲ್ಲರು, ಬ್ಯಾಕಪ್ ಯಾವಾಗ ಪರೀಕ್ಷಿಸಿದಿರಿ. ಜರ್ಮನಿಯ ವಾಹನ ಉದ್ಯಮ ಟಿಸಾಕ್ಸ್ ಎಂಬ ಮಾಹಿತಿ ಭದ್ರತೆಯ ಮೌಲ್ಯಮಾಪನವನ್ನೇ ರೂಪಿಸಿಕೊಂಡಿದೆ. ನಿಮ್ಮ ಮೂವರು ದೊಡ್ಡ ಗ್ರಾಹಕರ ಖರೀದಿ ವಿಭಾಗಕ್ಕೆ ಫೋನ್ ಮಾಡಿ, ಮುಂದಿನ ವರ್ಷ ಏನು ಕೇಳುತ್ತೀರಿ ಎಂದು ವಿಚಾರಿಸಿ. ಅವರ ಉತ್ತರದ ಎದುರು ಆ ಗ್ರಾಹಕರ ವಾರ್ಷಿಕ ಆರ್ಡರಿನ ಮೊತ್ತ ಬರೆಯಿರಿ.

ಪುಟವನ್ನು ಫೆಬ್ರವರಿಯಲ್ಲಿ ಕೊಡಿ. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಯಾರಿಗೂ ಓದಲು ಪುರುಸೊತ್ತಿರುವುದಿಲ್ಲ. ಕೆಳಗೆ ಮೂರು ಖಾಲಿ ಜಾಗ ಬಿಡಿ: ಒಪ್ಪಿದ ಮೊತ್ತ, ಮುಂದಿನ ರಿಸ್ಟೋರ್ ಪರೀಕ್ಷೆಯ ದಿನಾಂಕ, ಮಾಲೀಕರ ಸಹಿ.