ಔಷಧ ಕಂಡರೆ ಮುಖ ತಿರುಗಿಸುವ ಮೊಲಕ್ಕೆ

ನಾಯಿಗೆ ಅನ್ನದ ಉಂಡೆಯೊಳಗೆ ಮಾತ್ರೆ ಇಟ್ಟು ಕೊಟ್ಟರೆ ನುಂಗಿಬಿಡುತ್ತದೆ. ಮೊಲ ಹಾಗಲ್ಲ. ಪ್ರತಿಯೊಂದು ಎಲೆಯನ್ನೂ ಮೂಸುತ್ತದೆ, ತುದಿ ಕಚ್ಚಿ ನೋಡುತ್ತದೆ, ಅನುಮಾನ ಬಂದರೆ ಹಿಂಗಾಲು ನೆಲಕ್ಕೆ ಬಡಿದು ಹೊರಟುಹೋಗುತ್ತದೆ. ತೀರ್ಥಹಳ್ಳಿಯ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಮನೆಯ ಚುಕ್ಕಿಗೆ ಹಲ್ಲಿನ ತೊಂದರೆ ಇದೆ; ಮಳೆಗಾಲದಲ್ಲಿ ಕಿವಿಯ ಕಜ್ಜಿಯೂ ಕಾಡುತ್ತದೆ. ಹೀಗಾಗಿ ಅವಳಿಗೆ ಔಷಧ ಕುಡಿಸುವುದು ನನಗೂ ಅತ್ತೆಗೂ ಮನೆಗೆಲಸದ ಒಂದು ಭಾಗವೇ ಆಗಿದೆ.

ಔಷಧಕ್ಕಿಂತ ಮೊದಲು ಟಾನಿಕ್ಕಿನ ಮಾತು. ಅಂಗಡಿಯಲ್ಲಿ ವಿಟಮಿನ್ ಹನಿ, ಕ್ಯಾಲ್ಸಿಯಂ ದ್ರಾವಣ ಎಲ್ಲವೂ ಸಿಗುತ್ತವೆ. ಆರೋಗ್ಯವಾಗಿದ್ದು ಚೆನ್ನಾಗಿ ಹುಲ್ಲು ತಿನ್ನುವ ಮೊಲಕ್ಕೆ ಅವು ಬೇಡ. ಮೊಲದ ಕರುಳಿನ ಸೂಕ್ಷ್ಮಾಣುಗಳೇ ಬಿ ವಿಟಮಿನ್‌ಗಳನ್ನು ತಯಾರಿಸುತ್ತವೆ. ಮೊಲ ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ತಿಂದು ಅವನ್ನು ಪಡೆದುಕೊಳ್ಳುತ್ತದೆ. ಅದನ್ನು ನೋಡಿ ಅಸಹ್ಯಪಟ್ಟು ತಡೆಯಬೇಡಿ. ವಿಟಮಿನ್ ಸಿ ಅದರ ದೇಹದಲ್ಲಿಯೇ ಉತ್ಪತ್ತಿಯಾಗುತ್ತದೆ. ಕ್ಯಾಲ್ಸಿಯಂ ವಿಷಯದಲ್ಲಂತೂ ನಾನು ಕಟ್ಟುನಿಟ್ಟು: ಮೊಲಗಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಅದು ಮಿತಿಮೀರಿದರೆ ಮೂತ್ರಕೋಶದಲ್ಲಿ ಕೆಸರಿನಂತೆ ಕೂತು ಕಲ್ಲಾಗಬಹುದು. ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಿ.

ಮನೆಯ ಕಪಾಟಿನಲ್ಲಿರುವ ಮಕ್ಕಳ ಔಷಧವನ್ನಂತೂ ಮುಟ್ಟಲೇಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ಕೆಟ್ಟವು ಬೆಳೆದು, ಮೊಲವೇ ಸಾಯಬಹುದು. ನಾಯಿಯ ಮೈಯ ಉಣ್ಣಿಹುಳಕ್ಕೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ.

ಕುಡಿಸುವ ಅಭ್ಯಾಸವನ್ನು ಮೊಲ ಚೆನ್ನಾಗಿರುವಾಗಲೇ ಆರಂಭಿಸಿ. ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು ಇದನ್ನೇ. ಮೊಲ ಹೆದರುವುದು ಕಹಿಗಿಂತ ಹೆಚ್ಚಾಗಿ ತನ್ನನ್ನು ಅಟ್ಟಿಸಿಕೊಂಡು ಬರುವ ಕೈಗೆ. ಔಷಧದ ಅಂಗಡಿಯಲ್ಲಿ ಒಂದು ಮಿಲಿಲೀಟರಿನ ಸಿರಿಂಜ್ ಕೊಂಡು, ಸೂಜಿ ತೆಗೆದುಹಾಕಿ, ಹಣ್ಣಾದ ಪಪ್ಪಾಯಿಯನ್ನೋ ಪುಟ್ಟಬಾಳೆಯನ್ನೋ ನೀರಿನಲ್ಲಿ ತೆಳ್ಳಗೆ ಕಿವುಚಿ ಸ್ವಲ್ಪ ತುಂಬಿಸಿ. ನೆಲದ ಮೇಲೆ ಕುಳಿತು ಅದರ ತುದಿಯನ್ನು ಮುಂದೆ ಹಿಡಿಯಿರಿ. ಮೊಲ ತಾನಾಗಿ ಬಂದು ನೆಕ್ಕಲಿ, ಬಾರದಿದ್ದರೆ ಆ ದಿನ ಬಿಟ್ಟುಬಿಡಿ. ಅತ್ತೆ ಇದನ್ನು ಸಂಜೆ ದೀಪ ಹಚ್ಚಿದ ಮೇಲೆ, ಮನೆ ಶಾಂತವಾಗಿರುವಾಗ ಮಾಡುತ್ತಾರೆ. ಈಗ ಸಿರಿಂಜ್ ಕಂಡರೆ ಚುಕ್ಕಿಯೇ ಮೂತಿ ಚಾಚುತ್ತಾಳೆ, ಅದರಲ್ಲಿ ಹಣ್ಣಿದ್ದರೂ ಔಷಧವಿದ್ದರೂ.

ಕಹಿ ಔಷಧವಾದರೆ ಉಗುರಿನಷ್ಟು ಬಾಳೆಹಣ್ಣಿನಲ್ಲಿ ಕಲಸಿ ಕೊಡಬಹುದು. ಮೊದಲು ಔಷಧವಿಲ್ಲದ ಒಂದು ಚೂರು, ಆಮೇಲೆ ಔಷಧದ್ದು, ಕೂಡಲೇ ಮತ್ತೊಂದು ಬರಿಯ ಚೂರು. ಹಣ್ಣು ಅಷ್ಟಕ್ಕೇ ಸಾಕು, ಸಕ್ಕರೆ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಮಾತ್ರೆ ಪುಡಿಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಮಾಡಬಹುದಾದರೆ ಎರಡು ಸ್ಟೀಲ್ ಚಮಚಗಳ ನಡುವೆ ಒತ್ತಿ. ಎಲೆಯಡಿಕೆಯ ಕುಟ್ಟಾಣಿ ಬೇಡ, ಸುಣ್ಣ ಮತ್ತು ಹೊಗೆಸೊಪ್ಪು ಅದರಲ್ಲಿ ಉಳಿದಿರುತ್ತವೆ. ಕುಡಿಯುವ ನೀರಿಗೆ ಔಷಧ ಬೆರೆಸುವುದು ಸುಲಭವೆನಿಸುತ್ತದೆ, ಆದರೆ ಎಷ್ಟು ಒಳಗೆ ಹೋಯಿತೆಂದು ತಿಳಿಯುವುದಿಲ್ಲ. ರುಚಿ ಕೆಟ್ಟಿತೆಂದು ಮೊಲ ನೀರನ್ನೇ ಬಿಟ್ಟರೆ ಇನ್ನೂ ಕಷ್ಟ.

ಯಾವುದಕ್ಕೂ ಒಪ್ಪದ ದಿನವೂ ಇರುತ್ತದೆ. ಆಗ ಹಳೆಯ ಹತ್ತಿ ಸೀರೆಯ ತುಂಡನ್ನು ನೆಲದ ಮೇಲೆ ಹಾಸಿ, ಮೊಲವನ್ನು ಅದರ ಮೇಲೆ ಕೂರಿಸಿ, ಮುಂಗಾಲುಗಳು ಒಳಗಿರುವಂತೆ ಎರಡೂ ಬದಿಯಿಂದ ಸುತ್ತಿ. ಮೂಗು ತೆರೆದಿರಲೇಬೇಕು, ಮೊಲ ಉಸಿರಾಡುವುದು ಮೂಗಿನಿಂದಲೇ. ಹಿಂಭಾಗಕ್ಕೆ ನಿಮ್ಮ ಹೊಟ್ಟೆಯ ಆಸರೆ ಇರಲಿ. ಮೊಲ ಹಿಂಗಾಲಿನಿಂದ ಜೋರಾಗಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತಬೇಡಿ. ಅಂಗಾತ ಮಲಗಿಸಲೂ ಬೇಡಿ: ಆಗ ಅದು ಅಲ್ಲಾಡದೆ ಬಿದ್ದಿರುವುದು ಭಯದಿಂದ, ಔಷಧ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇದೆ.

ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗವಿದೆ. ತುಟಿಯ ಪಕ್ಕದಿಂದ ಸಿರಿಂಜಿನ ತುದಿಯನ್ನು ಅಲ್ಲಿಗೆ ತೂರಿಸಿ, ಎದುರು ಕೆನ್ನೆಯ ಕಡೆಗೆ ತಿರುಗಿಸಿ. ಗಂಟಲಿನ ಕಡೆಗೆ ನೇರವಾಗಿ ಬೇಡ. ಒಂದೆರಡು ಹನಿ ಬಿಟ್ಟು, ದವಡೆ ಆಡಿಸಿ ನುಂಗಿತೇ ಎಂದು ನೋಡಿ, ನಂತರ ಮತ್ತೆ ಒಂದೆರಡು. ಕೆಮ್ಮಿದರೆ ನಿಲ್ಲಿಸಿ. ಮೂಗಿನಿಂದ ಔಷಧ ಬಂದರೆ ವೈದ್ಯರಿಗೆ ತಿಳಿಸಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೆಚ್ಚಾದದ್ದು ಹೊರಬರುವುದಿಲ್ಲ. ಆದ್ದರಿಂದ 0.3 ಮಿಲಿಲೀಟರೋ 3 ಮಿಲಿಲೀಟರೋ ಎಂಬುದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಪ್ರಮಾಣ ತೂಕವನ್ನು ಅವಲಂಬಿಸಿದೆ, ಹೋಗುವ ಮುನ್ನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಕೊಂಡು ಹೋಗಿ.

ಮುಗಿದ ತಕ್ಷಣ ಬಟ್ಟೆ ಬಿಚ್ಚಿ ಕೊತ್ತಂಬರಿಯ ಒಂದು ದಂಟು ಕೊಡಿ, ತಾನಾಗಿ ಓಡಲು ಬಿಡಿ. ಹಿಂದೆ ಹೋಗಿ ಮುದ್ದಾಡಬೇಡಿ.

ಮಳೆಗಾಲದಲ್ಲಿ ಹುಲ್ಲಿನ ಮೇಲೂ ಕಣ್ಣಿಡಬೇಕು. ನಮ್ಮ ಕಡೆ ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರಲ್ಲಿ ಮೈಲುತುತ್ತ ಇರುತ್ತದೆ. ಗೊನೆಯಿಂದ ತೊಟ್ಟಿಕ್ಕಿದ ನೀಲಿ ಹನಿ ಕೆಳಗಿನ ಗರಿಕೆಯ ಮೇಲೆ ಬಿದ್ದಿರುತ್ತದೆ. ಔಷಧಿ ಹೊಡೆದ ತೋಟದ ಹುಲ್ಲು ಮೊಲಕ್ಕೆ ಬೇಡವೇ ಬೇಡ, ಬೂಷ್ಟು ಹಿಡಿದ ಒಣಹುಲ್ಲೂ ಬೇಡ.

ಇಷ್ಟಾಗಿಯೂ ಮೊಲ ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ಹಟವಲ್ಲ, ಕರುಳು ನಿಲ್ಲುತ್ತಿರುವ ಲಕ್ಷಣ. ನಾಳೆ ನೋಡೋಣ ಎನ್ನುವಂತಿಲ್ಲ. ಊರಿನ ಪಶುವೈದ್ಯರಿಗೆ ಮೊಲದ ಅಭ್ಯಾಸವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಮೊಲವನ್ನು ನೋಡುವವರು ಇದ್ದಾರೆಯೇ ಎಂದು ಕೇಳಿಕೊಂಡು ಹೊರಡಿ. ಗಾಳಿಯಾಡುವ ಬುಟ್ಟಿಗೆ ಹುಲ್ಲು ಹಾಸಿ, ಕೊಡುತ್ತಿರುವ ಔಷಧದ ಬಾಟಲಿ, ಚೀಟಿ ಮತ್ತು ಕೊನೆಯದಾಗಿ ಹಾಕಿದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ.