ಪಾಚಿ ಎಣ್ಣೆಯ ಕ್ರೀಮು ಮೀನಿನ ವಾಸನೆ ಬರದೆ ಉಳಿಯಿತು

ಪಾಚಿಯಿಂದ ತೆಗೆದ ಡಿಎಚ್‌ಎ (ಒಂದು ಬಗೆಯ ಒಮೆಗಾ-3 ಕೊಬ್ಬಿನಾಮ್ಲ) ಎಣ್ಣೆಯನ್ನು ಮುಖದ ಕ್ರೀಮಿಗೆ ಹಾಕುತ್ತೇನೆ ಅಂದಾಗ ಈ ಕೆಲಸ ಬಲ್ಲವರೆಲ್ಲ ಬೇಡ ಅಂದರು. ಎರಡೇ ತಿಂಗಳಲ್ಲಿ ಮೀನಿನ ವಾಸನೆ ಹೊಡೆಯುತ್ತೆ ಅನ್ನೋದು ಅವರ ವಾದ. ನನ್ನ ಈಗಿನ ಬ್ಯಾಚ್ ತುಂಬಿಟ್ಟು ಹತ್ತಿರ ಹತ್ತಿರ ವರ್ಷವಾಯಿತು, ವಾಸನೆಯ ಸುಳಿವಿಲ್ಲ. ಬೇಡ ಅಂದವರೇ ಈಗ ಅಳತೆ ಕೇಳುತ್ತಿದ್ದಾರೆ.

ಮೀನಿಗೂ ಡಿಎಚ್‌ಎ ಸಿಗೋದು ಪಾಚಿಯಿಂದಲೇ ಅಲ್ವಾ? ಮತ್ತೆ ಮೀನನ್ನು ಯಾಕೆ ಹಿಂಡಬೇಕು? ಈ ಹಟಕ್ಕೇ ನಾನು ಬಿಡಲಿಲ್ಲ.

ಹಟಕ್ಕೆ ದುಡ್ಡೂ ಹೋಯಿತು. ಮೊದಲ ಬ್ಯಾಚುಗಳಿಗೆ ಈ ಎಣ್ಣೆಯನ್ನು ಶೇ. 3ರಷ್ಟು ಹಾಕಿದ್ದೆ. ಎಣ್ಣೆ ಕೆಡದಂತೆ ಕಾಯಲಿ ಅಂತ ಹಾಕಿದ ವಿಟಮಿನ್ ಇ ಧಾರಾಳವಾಗಿತ್ತು. ಅದು ಜಾಸ್ತಿಯಾದರೆ ಕಾಯೋದು ಬಿಟ್ಟು ಎಣ್ಣೆಯನ್ನು ಕೆಡಿಸೋಕೆ ಶುರುಮಾಡುತ್ತದೆ. ಕೆಲವೇ ವಾರಗಳಲ್ಲಿ ವಾಸನೆ ಎದ್ದಿತು. ಲ್ಯಾವೆಂಡರ್ ಹಾಕಿ ಮುಚ್ಚಿದರೆ, ಅದು ಆರಿಹೋದ ಮೇಲೆ ಚರ್ಮದ ಬಿಸಿಗೆ ಮೀನಿನ ವಾಸನೆ ಮಾತ್ರ ಉಳಿಯಿತು. ಕಚ್ಚಾ ಸಾಮಾನಿನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಎಣ್ಣೆಯದೇ. ಅಷ್ಟೂ ಕಸಕ್ಕೆ ಹೋಯಿತು. ಮಧ್ಯೆ ಒಬ್ಬ ಮಾರಾಟಗಾರರು ಕಳಿಸಿದ ಕ್ಯಾನಿನಲ್ಲಿ ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಕೆಡುತ್ತಿದೆ ಅನ್ನೋದರ ಅಳತೆ) ಬರುವಾಗಲೇ 10ರ ಮೇಲಿತ್ತು. ಈಗ 2ಕ್ಕಿಂತ ಕೆಳಗಿದ್ದರೆ ಮಾತ್ರ ಮುಚ್ಚಳ ತೆಗೆಯುತ್ತೇನೆ, ಇಲ್ಲದಿದ್ದರೆ ವಾಪಸ್.

ಕೆಲಸ ಕೈಗೆ ಬಂದದ್ದು ಎಣ್ಣೆಗೆ ಎಣ್ಣೆಯನ್ನೇ ಕಾವಲಿಟ್ಟ ಮೇಲೆ. ಕತ್ತಲೆ ಟ್ಯಾಂಕಿನಲ್ಲಿ ಸಕ್ಕರೆ ಕೊಟ್ಟು ಬೆಳೆಸುವ ಪಾಚಿಯ ಎಣ್ಣೆ ಗೊತ್ತಲ್ಲ, ಓಲಿಕ್ ಆಮ್ಲವೇ ಶೇ. 90ರ ಹತ್ತಿರ ಇರುವಂಥದ್ದು? ಎಣ್ಣೆ ಗಾಳಿಗೆ ಕೆಡೋದು ಅದರ ದ್ವಿಬಂಧಗಳ ಹತ್ತಿರ. ಡಿಎಚ್‌ಎಯಲ್ಲಿ 6 ದ್ವಿಬಂಧ, ಓಲಿಕ್ ಆಮ್ಲದಲ್ಲಿ ಒಂದೇ. ಸುಲಭಕ್ಕೆ ಕೆಡುವುದಿಲ್ಲ. ಡಿಎಚ್‌ಎ ಎಣ್ಣೆ ಬಂದ ದಿನವೇ ಇದರಲ್ಲಿ ಬೆರೆಸಿ, ಗಾಳಿ ಹೊರಹೋಗಲು ನೈಟ್ರೋಜನ್ ಹಾಯಿಸಿ, ಸಣ್ಣ ಬಾಟಲಿಗಳಲ್ಲಿ ಫ್ರೀಜರಿಗೆ ಇಡುತ್ತೇನೆ. ಕ್ರೀಮಿನಲ್ಲಿ ಡಿಎಚ್‌ಎ ಎಣ್ಣೆಯ ಪಾಲು ಶೇ. 0.5ರ ಆಸುಪಾಸು. ಬಿಸಿ 40 ಡಿಗ್ರಿಗಿಂತ ಇಳಿದ ಮೇಲೆ ಹಾಕಿ, ಕೈಯಲ್ಲೇ ನಿಧಾನವಾಗಿ ತಿರುಗಿಸಬೇಕು. ಜೋರಾಗಿ ಕಡೆಯುವ ಯಂತ್ರ ಹೊಮೋಜಿನೈಸರ್ ಗಾಳಿ ಎಳೆಯುತ್ತದೆ, ಆ ಹೊತ್ತಿಗೆ ಅದು ಬೇಡವೇ ಬೇಡ. ನೀರಿನ ಭಾಗದಲ್ಲಿ ಲೋಹದ ಅಂಶವನ್ನು ಹಿಡಿದಿಡುವ ಸೋಡಿಯಂ ಫೈಟೇಟ್ ಇರಲೇಬೇಕು, ಇಲ್ಲದಿದ್ದರೆ ಚೂರು ಕಬ್ಬಿಣ, ತಾಮ್ರ ಇದ್ದರೂ ಸಾಕು ಕೆಡಿಸೋಕೆ. ವಿಟಮಿನ್ ಇ ಜೊತೆ ರೋಸ್‌ಮೆರಿ ಸಾರವೂ ಬೇಕು. ಯಾವುದು ಎಷ್ಟು, ಯಾವುದು ಮೊದಲು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತುಂಬುವುದು ಒಳಗೆ ಗಾಳಿ ಹೋಗದ ಏರ್‌ಲೆಸ್ ಪಂಪ್ ಬಾಟಲಿಗೆ. ಮಾಮೂಲಿ ಡಬ್ಬಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ದುಬಾರಿ. ಆದರೂ ಡಿಎಚ್‌ಎ ಎಣ್ಣೆಯ ಪಾಲು ಇಳಿದದ್ದರಿಂದ ಒಟ್ಟು ಖರ್ಚು ಹಳೆಯದರ ಮುಕ್ಕಾಲಿಗೆ ಬಂದಿದೆ.

ನಡುವೆ ಕಷ್ಟ ಬಂದಾಗ ಕೆಂಪಾಗುವ ಹಸಿರು ಪಾಚಿ ಹೆಮಟೊಕಾಕಸ್‌ನ ಎಣ್ಣೆಯನ್ನೂ ಹಾಕಿ ನೋಡಿದೆ. ಅದರ ಕೆಂಪು ಬಣ್ಣದ ಅಂಶ ಅಸ್ಟಾಕ್ಸಾಂಥಿನ್ ಒಂದು ಹನಿಗೇ ಚಂದದ ನಸುಗೆಂಪು ಕೊಡುತ್ತದೆ. ಆದರೆ ಕಿಟಕಿ ಪಕ್ಕ ಗಾಜಿನ ಬಾಟಲಿಯಲ್ಲಿಟ್ಟರೆ ಬಣ್ಣ ಹಾರಿಹೋಗುತ್ತದೆ. ಸ್ವಲ್ಪ ಜಾಸ್ತಿಯಾದರೆ ದಿಂಬಿನ ಕವರಿಗೆ ಕಲೆ. ಶುದ್ಧಮಾಡದ ಹಸಿರು ಪಾಚಿ ಎಣ್ಣೆಯನ್ನಂತೂ ಮುಟ್ಟಬೇಡಿ. ಅದರಲ್ಲಿರುವ ಕ್ಲೋರೋಫಿಲ್ ಬೆಳಕು ಬಿದ್ದೊಡನೆ ಪಕ್ಕದ ಎಣ್ಣೆಯನ್ನೂ ಕೆಡಿಸುತ್ತದೆ.

ತುಟಿಯ ಬಾಮಿಗೆ ಡಿಎಚ್‌ಎ ಒಗ್ಗಲಿಲ್ಲ. ಅದು ಮೂಗಿನ ಕೆಳಗೇ ಇರುವ ಸಾಮಾನು, ನಾಲಿಗೆಗೂ ತಾಗುತ್ತದೆ. ಅಲ್ಲಿ ಓಲಿಕ್ ಎಣ್ಣೆ ಒಂದನ್ನೇ ಬಳಸುತ್ತಿದ್ದೇನೆ, ಮೇಣದ ಜೊತೆ ಚೆನ್ನಾಗಿ ಕೂರುತ್ತದೆ.