ಕಪ್ಪುಕುಳಿಗಳ ವಿಲೀನವನ್ನು ಲ್ಯಾಪ್‌ಟಾಪಿನಲ್ಲಿ ಹುಡುಕಿದ ಬಗೆ

ಗುರುತ್ವ ಅಲೆಗಳನ್ನು, ಅಂದರೆ ದೇಶಕಾಲದಲ್ಲಿ ಏಳುವ ನವಿರು ಕಂಪನಗಳನ್ನು, ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯಗಳ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತವಾಗಿದೆ. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ದಾಖಲಾದ ಗುರುತ್ವ ಅಲೆಯನ್ನು ಪೈಥಾನ್ ಭಾಷೆ ಮತ್ತು ಪೈಸಿಬಿಸಿ ತಂತ್ರಾಂಶದ ನೆರವಿನಿಂದ ನಾನೇ ಹುಡುಕಿ ನೋಡಿದೆ.

ಹ್ಯಾನ್‌ಫೋರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಲೈಗೋದ ಎರಡು ಉಪಕರಣಗಳ 4096 ಸೆಕೆಂಡುಗಳ ಕಡತಗಳನ್ನು ಹಾಗೆಯೇ ನಕ್ಷೆಗಿಳಿಸಿದರೆ ನಿಧಾನವಾದ ಓಲಾಟದ ಹೊರತು ಏನೂ ಕಾಣುವುದಿಲ್ಲ. ಆ ಅಲೆ ಉಪಕರಣದ 4 ಕಿಲೋಮೀಟರ್ ಉದ್ದದ ತೋಳನ್ನು ಹಿಗ್ಗಿಸಿ ಕುಗ್ಗಿಸಿದ್ದು ಪ್ರೋಟಾನಿನ ವ್ಯಾಸದ ಸುಮಾರು ನಾನೂರರಲ್ಲೊಂದು ಪಾಲಿನಷ್ಟು ಮಾತ್ರ. ಆದ್ದರಿಂದ ಮೊದಲು ಗದ್ದಲವನ್ನೇ ಅಳೆಯಬೇಕು, ಮತ್ತು ನನ್ನ ಹೆಚ್ಚಿನ ಸಮಯ ಹೋದದ್ದೂ ಅದಕ್ಕೇ. ದತ್ತಾಂಶವನ್ನು ನಾಲ್ಕು ನಾಲ್ಕು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಯಾವ ಆವೃತ್ತಿಯಲ್ಲಿ ಎಷ್ಟು ಗದ್ದಲವಿದೆ ಎಂದು ಸರಾಸರಿ ತೆಗೆದಾಗ, ಅಮೆರಿಕದ ವಿದ್ಯುತ್ ಜಾಲದ 60 ಹರ್ಟ್ಸ್, ಕನ್ನಡಿಗಳನ್ನು ತೂಗುಹಾಕಿದ ಗಾಜಿನ ಎಳೆಗಳು ಕಂಪಿಸುವ 500 ಹರ್ಟ್ಸ್ ಆಸುಪಾಸು, ಹೀಗೆ ಒಂದೊಂದು ಶಿಖರಕ್ಕೂ ಕಾರಣ ಸಿಗುತ್ತದೆ. ಪ್ರತಿ ಆವೃತ್ತಿಯನ್ನೂ ಅದರ ಗದ್ದಲದಿಂದ ಭಾಗಿಸಿ, 35ರಿಂದ 350 ಹರ್ಟ್ಸ್ ವರೆಗಿನದನ್ನಷ್ಟೇ ಉಳಿಸಿಕೊಂಡ ಮೇಲೆ, ಸುಮಾರು 0.2 ಸೆಕೆಂಡಿನಲ್ಲಿ ಏರುತ್ತ ಹೋಗುವ ಅಲೆ ಬರಿಗಣ್ಣಿಗೇ ಕಾಣಿಸಿತು.

ಕಂಡದ್ದನ್ನು ಸಂಖ್ಯೆಯಲ್ಲಿ ಹೇಳಲು, ಸೂರ್ಯನ 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳ ವಿಲೀನಕ್ಕೆ ಸಿದ್ಧಾಂತ ಕೊಡುವ ಮಾದರಿ ಅಲೆಯನ್ನು ದತ್ತಾಂಶದ ಮೇಲೆ ಸರಿಸುತ್ತ ಹೊಂದಾಣಿಕೆ ನೋಡಿದೆ. ವಿಶ್ವದ ವಿಸ್ತರಣೆಯಿಂದ ಅಲೆ ಹಿಗ್ಗಿರುವುದರಿಂದ ಈ ದ್ರವ್ಯರಾಶಿಗಳನ್ನು ಸುಮಾರು 1.09ರಿಂದ ಗುಣಿಸಿಯೇ ಮಾದರಿ ತಯಾರಿಸಬೇಕು. ಮಾದರಿಯ ಕೊನೆಯಲ್ಲಿ ಅಲೆ ಬೇಗನೆ ಕ್ಷೀಣಿಸುತ್ತದೆ. ಕಲಕಿದ ಕಪ್ಪುಕುಳಿ ಹೀಗೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲೇ ಲೆಕ್ಕದಿಂದ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಗದ್ದಲಕ್ಕೆ ಹೋಲಿಸಿದ ಬಲ ಹ್ಯಾನ್‌ಫೋರ್ಡ್‌ನಲ್ಲಿ ಸುಮಾರು 20, ಲಿವಿಂಗ್‌ಸ್ಟನ್‌ನಲ್ಲಿ 13 ಬಂತು; ಎರಡು ಕಡೆಯ ಹೊಂದಾಣಿಕೆಯ ಶಿಖರಗಳ ನಡುವಿನ ಅಂತರ ಸುಮಾರು 7 ಮಿಲಿಸೆಕೆಂಡು. ಗುರುತ್ವ ಅಲೆಯೂ ಬೆಳಕಿನ ವೇಗದಲ್ಲೇ ಸಾಗುತ್ತದೆ; ಬೆಳಕಿಗೆ ಆ ಎರಡು ಊರುಗಳ ನಡುವೆ 10 ಮಿಲಿಸೆಕೆಂಡು ಬೇಕಾಗುವುದರಿಂದ ಈ ಅಂತರ ಮಿತಿಯೊಳಗೇ ಇದೆ.

ಇದು ಆಕಸ್ಮಿಕವಲ್ಲವೆಂದು ತೋರಿಸಲು ಒಂದು ಕಡೆಯ ದತ್ತಾಂಶವನ್ನು ಬೇಕೆಂದೇ ಕಾಲದಲ್ಲಿ ಮುಂದೆ ಸರಿಸಿ, ಸುಳ್ಳು ಹೊಂದಾಣಿಕೆಗಳು ಎಷ್ಟು ಹುಟ್ಟುತ್ತವೆ ಎಂದು ಎಣಿಸುತ್ತಾರೆ. ನನ್ನ ಒಂದು ಗಂಟೆಯ ಕಡತದಿಂದ ಹೆಚ್ಚೇನೂ ಹೇಳಲಾಗದು. ಲೈಗೋ ತಂಡ 16 ದಿನಗಳ ದತ್ತಾಂಶದಿಂದ, ಇಂಥ ಸುಳ್ಳು 2,03,000 ವರ್ಷಗಳಲ್ಲಿ ಒಂದಕ್ಕಿಂತ ಕಡಿಮೆ ಎಂದು ಕಂಡುಕೊಂಡಿತ್ತು.

2017ರ ಆಗಸ್ಟ್ 17ರಂದು ದಾಖಲಾದ, ನ್ಯೂಟ್ರಾನ್ ನಕ್ಷತ್ರಗಳ (ಸತ್ತ ನಕ್ಷತ್ರಗಳ ಅತಿ ದಟ್ಟ ಉಳಿಕೆಗಳ) ವಿಲೀನದ್ದು ಬೇರೆಯೇ ಕೆಲಸ. ಅಲೆ ಸುಮಾರು 100 ಸೆಕೆಂಡು ಉಳಿಯುವುದರಿಂದ ಮಾದರಿ ಉದ್ದವಾಗುತ್ತದೆ, ಲೆಕ್ಕ ನಿಧಾನವಾಗುತ್ತದೆ. ಅದರ ಮೇಲೆ, ವಿಲೀನಕ್ಕೆ 1.1 ಸೆಕೆಂಡು ಮೊದಲು ಲಿವಿಂಗ್‌ಸ್ಟನ್ ಉಪಕರಣದಲ್ಲಿ ಗದ್ದಲದ ದೊಡ್ಡದೊಂದು ಸಿಡಿತವಿದೆ. ಅದನ್ನು ತೆಗೆದ ದತ್ತಾಂಶವೂ ಸಿಗುತ್ತದೆಯಾದರೂ, ನಾನು ಮೂಲದಲ್ಲೇ ಆ ಕ್ಷಣವನ್ನು ನಯವಾಗಿ ಸೊನ್ನೆಗಿಳಿಸಿದೆ. ಉಳಿದ ಅಲೆ ಅಷ್ಟು ಉದ್ದವಿರುವಾಗ ಆ ತುಣುಕು ಹೋದರೆ ನಷ್ಟ ಅಲ್ಪ. ಅದೇ ಮಾದರಿಯನ್ನು ಇಟಲಿಯ ವರ್ಗೋ ವೀಕ್ಷಣಾಲಯದ ದತ್ತಾಂಶಕ್ಕೆ ಹಾಕಿದಾಗ ಯಾವ ಶಿಖರವೂ ಎದ್ದು ಕಾಣಲಿಲ್ಲ. ಪ್ರಕಟವಾದ ಬಲವೂ ಅಲ್ಲಿ ಬರೀ 2. ಅಲೆ ವರ್ಗೋಗೆ ಸರಿಯಾಗಿ ಕೇಳಿಸದ ದಿಕ್ಕಿನ ಸಮೀಪದಿಂದ ಬಂದಿತ್ತು, ಮತ್ತು ಈ ಮೌನವೂ ಲೆಕ್ಕಕ್ಕೆ ಸೇರಿದ್ದರಿಂದಲೇ ಹುಡುಕಬೇಕಾದ ಆಕಾಶ 28 ಚದರ ಡಿಗ್ರಿಗೆ ಇಳಿದು, ದೂರದರ್ಶಕಗಳು ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಅದರ ಬೆಳಕನ್ನು ಕಂಡವು.